ಐದು ಪದ

ಐದು ಪದ ಹೇಳ್ತೀನಿ ದೇವೀರಮ್ಮ, ನೆನಪಿಟ್ಟುಕೊಳ್ಳಿ,
ಆಮೇಲೆ ಕೇಳ್ತೀನಿ, ಅಂದಳು ಹುಡುಗಿ.
ಹಾಸನದ ದೊಡ್ಡಾಸ್ಪತ್ರೆ, ಒಳಗಿನ ಕೊನೆಯ ಕೋಣೆ,
ಕಿಟಕಿಗೆ ಹಸಿರು ಪರದೆ.
ಕೊಡೆ. ನಿಂಬೆಹಣ್ಣು. ಗಡಿಯಾರ.
ಇನ್ನೆರಡು.

ನೂರರಿಂದ ಏಳೇಳು ಕಳೆಯಿರಿ ಅಂದಳು.
ತೊಂಬತ್ತಮೂರು, ಎಂಬತ್ತಾರು,
ಎಪ್ಪತ್ತೊಂಬತ್ತಕ್ಕೆ ಬಂದು ನಿಂತೆ
ಘಾಟಿ ತಿರುವಲ್ಲಿ ಬಸ್ಸು ಕೆಟ್ಟು ನಿಂತಂತೆ.
ಮೂರೂಕಾಲು ತೋರಿಸಿ ಅಂತ ಕಾಗದ ಕೊಟ್ಟಳು.
ಬರೆದೆ. ಮುಳ್ಳು ಎರಡೂ ಒಂದೇ ಉದ್ದ ಬಂದವು.
ಈಗ ಹೇಳಿ, ಆ ಐದು ಪದ.
ಮೂರು ಹೇಳಿದೆ.
ಪರವಾಗಿಲ್ಲ ಅಂದಳು. ಬರೆದುಕೊಂಡಳು.
ಪರವಾಗಿಲ್ಲ ಅನ್ನುವವರು ಯಾಕೆ ಬರೆದುಕೊಳ್ಳುತ್ತಾರೆ?

ಹನ್ನೆರಡು ವರ್ಷದಿಂದ ನುಂಗುತ್ತಿದ್ದೇನೆ.
ಮೊದಲಿನದು ರಾತ್ರಿಯ ಮಾತ್ರೆ. ನುಂಗಿ ಮಲಗಿದರೆ
ಮಂಚ ತೇಲುತ್ತಿತ್ತು, ಕನಸಿಗೆ
ಹಗಲಿಗಿಂತ ಹೆಚ್ಚು ಬಣ್ಣ.
ಸತ್ತವರು ಬಂದು ಚಿಲ್ಲರೆ ಕೇಳುತ್ತಿದ್ದರು.
ಬೆಳಿಗ್ಗೆ ಬಚ್ಚಲಿಗೆ ಗೋಡೆ ಹಿಡಿದೇ ಹೋಗಬೇಕು.
ಆಮೇಲೆ ಮಾತ್ರೆ ಬದಲಾಯಿಸಿದರು, ಕನಸು ನಿಂತವು.
ನಿಂತಮೇಲೆ, ಸುಳ್ಳು ಯಾಕೆ, ಸ್ವಲ್ಪ ಬೇಜಾರಾಯಿತು:
ಕಣ್ಣಪ್ಪ ಅಲ್ಲಿಗಾದರೂ ಬರುತ್ತಿದ್ದ.

ಮರೆವು ಉಳಿಯಿತು.
ಕಾಯಿಲೆಯದೋ, ಮಾತ್ರೆಯದೋ, ಐವತ್ತನಾಲ್ಕರದೋ?
ಮೂರೂ ಇರಬಹುದು, ಇಲ್ಲದೆಯೂ ಇರಬಹುದು ಅಂದರು ಡಾಕ್ಟರು
ಪೆನ್ನಿನ ಮುಚ್ಚಳ ತಿರುಗಿಸುತ್ತಾ. ಒಳ್ಳೆ ಮನುಷ್ಯ,
ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು.
ನಿಮ್ಮ ರಕ್ತದಲ್ಲಿ ವೈರಸ್ಸು ಈಗ ಲೆಕ್ಕಕ್ಕೇ ಸಿಗುತ್ತಿಲ್ಲ ನೋಡಿ,
ಅಂದರು ಖುಷಿಯಲ್ಲಿ. ನನಗೂ ಖುಷಿ.
ಲೆಕ್ಕಕ್ಕೆ ಸಿಗದೇ ಇರೋದು
ಅದೊಂದೇ ಅಲ್ಲ.

ಆದರೆ ಹುಡುಗಿ, ಇದನ್ನೂ ಬರಕೋ:
ಚಿಕ್ಕಮಗಳೂರಲ್ಲೂ ಕೊಡುತ್ತಾರೆ ಮಾತ್ರೆ,
ನಾನು ಬೇಲೂರು ದಾಟಿ ಇಲ್ಲಿಗೆ ಬರುತ್ತೇನೆ.
ಓನರಮ್ಮನಿಗೆ ಹೇಳಿದ್ದು, ನಾದಿನಿ ಮನೆಗೆ.
ನಾದಿನಿಗೆ, ಕಣ್ಣಿನ ಡಾಕ್ಟರ ಹತ್ತಿರ.
ಮೇಸ್ತ್ರಿಗೆ ಪಿಎಫ್ ಆಫೀಸು.
ಡಬ್ಬಿ ಕಂಡುಬಿಟ್ಟ ಜುಬೇದಾಗೆ ಬಿಪಿ,
ತಂಗಿ ಮಗಳಿಗೆ ಥೈರಾಯ್ಡು.
ಡಬ್ಬಿಯ ಮೇಲಿನ ಚೀಟಿ ಉಜ್ಜಿ ತೆಗೆದು
ಮಾತ್ರೆ ಅಲುಗಿ ಸದ್ದಾಗದಂತೆ ಹತ್ತಿ ತುರುಕಿ
ಯಾರಿಗೆ ಯಾವ ಸುಳ್ಳು, ಯಾವ ತಿಂಗಳದ್ದು,
ಹನ್ನೆರಡು ವರ್ಷ, ಒಂದೂ ಅದಲುಬದಲಾಗಿಲ್ಲ.
ಇದಕ್ಕೆ ಎಷ್ಟು ಮಾರ್ಕು?

ನಾನು ಕೆಲಸ ಮಾಡುವುದು ಕಾಫಿ ಕ್ಯೂರಿಂಗಿನಲ್ಲಿ.
ಕ್ಯೂರಿಂಗ್ ಅಂದರೆ ಗುಣ ಮಾಡೋದಂತೆ,
ಮೇಸ್ತ್ರಿಯ ಮಗ ಹೇಳಿದ. ಕಾಫಿಗೆ ಏನು ಬಂದಿತ್ತೋ.
ಉದ್ದ ಮೇಜು, ಎದುರುಬದುರು ಹೆಂಗಸರು.
ಕಪ್ಪು ಈ ಕಡೆ, ಒಡಕು ಆ ಕಡೆ,
ಹುಳ ಕೊರೆದದ್ದು ಮಡಿಲ ಹತ್ತಿರ.
ಬೆರಳಿಗೆ ಗೊತ್ತಿತ್ತು, ನನ್ನನ್ನು ಕೇಳುತ್ತಲೇ ಇರಲಿಲ್ಲ.
ಈಗ ಕೇಳುತ್ತವೆ. ಇದು ಕಪ್ಪೋ?
ಒಂದು ಬೀಜ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ,
ಸಂಜೆ ನನ್ನ ಮೂಟೆ ಎಲ್ಲರದಕ್ಕಿಂತ ಕೊನೆ.

ಮನೆಯಲ್ಲೂ ಬೀಜವೇ. ಮಾತ್ರೆ ನುಂಗಿದ ರಾತ್ರಿ
ತಗಡಿನ ಡಬ್ಬಿಗೆ ಒಂದು ಬೀಜ, ಟಣ್ ಅನ್ನಬೇಕು.
ಟಣ್ ಅಂದದ್ದು ಇವತ್ತೋ ನಿನ್ನೆಯೋ,
ಅದಕ್ಕೊಂದು ಬೇರೆ ಡಬ್ಬಿ ಬೇಕು.

ಶುಕ್ರವಾರ ಜುಬೇದಾ ಕೇಳಿದಳು,
ನಿನ್ನೆ ಎಲ್ಲಿ ಹೋಗಿದ್ದೆ?
ಥೈರಾಯ್ಡಿಗೆ, ಅಂದೆ.
ಅಂದಮೇಲೆ ತಿಳಿಯಿತು.

ಆಚೆ ಶೆಡ್ಡಲ್ಲಿ ಮಿಷನ್ನು ಹೊಟ್ಟು ಉಗಿಯುತ್ತಿತ್ತು.
ಅವಳ ಕೈ ನಿಲ್ಲಲಿಲ್ಲ, ತಲೆ ಏಳಲಿಲ್ಲ.
ಹೂಂ, ಬಿಪಿ ಇದ್ದೋರಿಗೆ ಅದೂ ಇರುತ್ತೆ, ಅಂದು
ಮೊಣಕೈಯಿಂದ ನನ್ನ ರಾಶಿಯಲ್ಲಿ ಅರ್ಧ
ತನ್ನ ಕಡೆಗೆ ಎಳೆದುಕೊಂಡಳು.
ಯಾವಾಗಿಂದ ಗೊತ್ತೋ ಇವಳಿಗೆ.

ಉಳಿದ ಅರ್ಧಕ್ಕೆ ಐದೂ ಬೆರಳು ಇಳಿಸಿ
ನಿಧಾನ ಎಳೆದೆ, ಬೀಜ ಸಾಲಾಗಿ ಸರಿದವು.
ಬಾಚಣಿಗೆ! ಅಂದೆ, ಜೋರಾಗಿಯೇ.
ಏನೇ ಅದು?
ಏನಿಲ್ಲ, ನಾಲ್ಕಾಯ್ತು.
ಅವಳು ಗೋಡೆಯ ಕಡೆ ತಿರುಗಿ ನೋಡಿದಳು.
ಇನ್ನೂ ಎರಡೂಮುಕ್ಕಾಲು.